ಮಣ್ಣಿನ ಗೋಡೆಗೆ ಗಾಜಿನ ಬಾಗಿಲು

ಧಾರವಾಡದ ಕಡೆಯ ಹೆಬ್ಬಳ್ಳಿಯ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ಮೂರು ಮಾಡಗಳಿವೆ. ಎರಡು ಸಣ್ಣವು, ದೀಪ ಇಡಲೆಂದೇ ಬಿಟ್ಟವು. ಎಷ್ಟು ಸಲ ಸುಣ್ಣ ಬಳಿದರೂ ಅವುಗಳ ನೆತ್ತಿಯ ಮಸಿ ಮತ್ತೆ ಮೂಡುತ್ತದೆ. ಮೂರನೆಯದು ದೊಡ್ಡದು. ಎರಡು ಅಡಿ ದಪ್ಪದ ಮಣ್ಣಿನ ಗೋಡೆಯಲ್ಲಿ ಹದಿನಾಲ್ಕು ಇಂಚು ಆಳಕ್ಕೆ ಬಿಟ್ಟ ಕಪಾಟು, ನಡುವೆ ಎರಡು ಕಡಪಾ ಕಲ್ಲಿನ ಹಲಗೆ. ಅಜ್ಜ ಅದರಲ್ಲಿ ಹೊಲದ ಲೆಕ್ಕದ ವಹಿ ಇಡುತ್ತಿದ್ದರು, ಅಪ್ಪ ಪಂಚಾಂಗ ಮತ್ತು ಔಷಧದ ಬಾಟಲಿ ಇಟ್ಟರು, ನಾನು ಪುಸ್ತಕ ತುಂಬಿದೆ. ಎರೆ ಭೂಮಿಯ ಊರು. ಬೇಸಿಗೆಯ ಗಾಳಿ ಬೀಸಿತೆಂದರೆ ಪುಸ್ತಕದ ನೆತ್ತಿಯ ಮೇಲೆ ಬೆರಳಿಂದ ಹೆಸರು ಬರೆಯುವಷ್ಟು ಧೂಳು. ಕಟ್ಟಿಗೆಯ ಬಾಗಿಲು ಹಾಕಿದರೆ ಪುಸ್ತಕ ಕಣ್ಣಿಗೆ ಬೀಳುವುದಿಲ್ಲ, ಮೊದಲೇ ಬೆಳಕು ಕಡಿಮೆಯಿರುವ ಪಡಸಾಲೆ ಇನ್ನಷ್ಟು ಕತ್ತಲಾಗುತ್ತದೆ. ಹೀಗಾಗಿ ಗಾಜಿನ ಬಾಗಿಲು, ಅದೂ ಸುತ್ತ ಕಟ್ಟಿಗೆಯಾಗಲಿ ಅಲ್ಯುಮಿನಿಯಂ ಆಗಲಿ ಇಲ್ಲದ, ಬರೀ ಗಾಜಿನ ಬಾಗಿಲು ಹಾಕಿಸಲು ಹೊರಟೆ.

ಮೊದಲ ಸಲ ಕೆಟ್ಟಿತು. ಟೇಪು ಹಿಡಿದು ಅಗಲವನ್ನು ಒಮ್ಮೆ, ಎತ್ತರವನ್ನು ಒಮ್ಮೆ ಅಳೆದೆ. ಅಳತೆಯನ್ನು ಚೀಟಿಯಲ್ಲಿ ಬರೆದು ಅಂಗಡಿಗೆ ಕೊಟ್ಟೆ. ಗಾಜು ಬರುವುದರೊಳಗೆ ಗೌಂಡಿಯನ್ನು ಕರೆಸಿ ಮಾಡದ ಒಳಮೈಗೆ ಗಿಲಾಯಿ ಮಾಡಿಸಿಬಿಟ್ಟೆ. ಟಫನ್ ಮಾಡಿದ, ಅಂದರೆ ಕಾಯಿಸಿ ಬಲಪಡಿಸಿದ, ಎರಡು ಗಾಜಿನ ಜೋಡಿ ಟೆಂಪೋದಿಂದ ಇಳಿದಾಗ ಮೇಲ್ಗಡೆ ಸಲೀಸಾಗಿ ಕೂರುತ್ತಿತ್ತು, ನಡುವೆ ಐದು ಮಿಲಿಮೀಟರ್ ಹೆಚ್ಚಾಗಿ ಗೋಡೆಗೆ ಕಚ್ಚುತ್ತಿತ್ತು. ಅಂಚು ಉಜ್ಜಿಸಿ ತರೋಣವೆಂದರೆ ಅಂಗಡಿಯವರು ತಲೆಯಾಡಿಸಿದರು. ಟಫನ್ ಆದ ಗಾಜನ್ನು ಕತ್ತರಿಸಲು ಬರುವುದಿಲ್ಲ, ತೂತು ಹೊಡೆಯಲೂ ಬರುವುದಿಲ್ಲ; ಆ ಕೆಲಸಕ್ಕೆ ಹೋದರೆ ಇಡೀ ಗಾಜು ಕಾಳುಕಾಳಾಗಿ ಉದುರುತ್ತದೆ. ಆ ಎರಡು ಗಾಜುಗಳಲ್ಲಿ ಒಂದು ಈಗ ನಾನು ಬರೆಯುವ ಮೇಜಿನ ಮೇಲಿದೆ.

ನಮ್ಮೂರ ಹಿರಿಯ ಬಡಿಗೇರ ಕಾಕಾ ಬಂದು ಮಾಡದ ಎರಡೂ ಬದಿಗೆ ಅಂಗೈ ಸವರಿ ನೋಡಿ ಹೇಳಿದ್ದು ಇಷ್ಟು: “ತಮ್ಮಾ, ಕಟ್ಟಿಗಿ ಬಾಗಲಾ ಆದ್ರ ಗ್ವಾಡಿ ಹೆಂಗದನೋ ಹಂಗ ಕೆತ್ತಿ ಕುಂದ್ರಸ್ತೇನಿ. ಗಾಜು ಕೆತ್ತಾಕ ಬರೂದಿಲ್ಲ. ಮದ್ಲ ಗ್ವಾಡಿ ನೆಟ್ಟಗ ಮಾಡೋಣು.” ಇಡೀ ಕೆಲಸದ ತಿರುಳು ಈ ಮಾತಿನಲ್ಲಿದೆ. ಬಾಗಿಲಿಗೆ ಚೌಕಟ್ಟು ಬೇಡವೆಂದರೆ ಆ ಚೌಕಟ್ಟಿನ ಕೆಲಸವನ್ನೆಲ್ಲ ಗೋಡೆಯೇ ಮಾಡಬೇಕು. ಕಟ್ಟಿಗೆಯ ಬಾಗಿಲಿನ ಓರೆಯನ್ನು ಉಳಿ ತಿದ್ದುತ್ತದೆ, ಪಟ್ಟಿ ಮುಚ್ಚುತ್ತದೆ. ಗಾಜಿನ ಬಾಗಿಲು ಗೋಡೆಯ ಪ್ರತಿ ಓರೆಯನ್ನೂ ಎತ್ತಿ ತೋರಿಸುತ್ತದೆ.

ಗೋಡೆಯೊಳಗೆ ಒಂದು ಚೌಕ

ಹೆಬ್ಬಳ್ಳಿ, ನವಲಗುಂದದ ಕಡೆಯ ಮನೆಗಳಿಗೆ ಇನ್ನೊಂದು ತೊಡಕಿದೆ. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಹೊಲದಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವ ಮಣ್ಣು ಮನೆಯ ಬುನಾದಿಯ ಕೆಳಗೆ ಸುಮ್ಮನಿರುವುದಿಲ್ಲ. ಅದರೊಂದಿಗೆ ಗೋಡೆಯೂ ವರ್ಷಕ್ಕೊಮ್ಮೆ ಕೂದಲೆಳೆಯಷ್ಟು ಆಚೀಚೆ ಆಗುತ್ತದೆ. ಹಳೆಯ ಬಾಗಿಲುಗಳು ಮಳೆಗಾಲದಲ್ಲಿ ಬಿಗಿಯಾಗಿ ದೀಪಾವಳಿ ಕಳೆದ ಮೇಲೆ ಸಡಿಲವಾಗುವುದನ್ನು ಇಲ್ಲಿಯವರೆಲ್ಲ ಕಂಡಿದ್ದಾರೆ. ಅದಕ್ಕೆ ಕಟ್ಟಿಗೆ ಹಿಗ್ಗುವುದಷ್ಟೇ ಕಾರಣವಲ್ಲ, ಗೋಡೆಯ ಪಾಲೂ ಇದೆ. ಆದ್ದರಿಂದ ಗಾಜಿನ ಬಾಗಿಲನ್ನು ಮಣ್ಣಿನ ಗೋಡೆಗೆ ನೇರವಾಗಿ ಕೂರಿಸುವ ಆಲೋಚನೆಯನ್ನೇ ಬಿಡಿ. ಸ್ಕ್ರೂ ಹಿಡಿಯಲು ಹಾಕುವ ಪ್ಲಾಸ್ಟಿಕ್ ಗಿಟ್ಟಿ ಮಣ್ಣಿನಲ್ಲಿ ನಿಲ್ಲುವುದಿಲ್ಲ. ಇವತ್ತು ಹಿಡಿದಂತೆ ಕಂಡರೂ ಆರು ತಿಂಗಳಿಗೆ ಮಣ್ಣು ಉದುರಿಸಿಕೊಂಡು ಹೊರಬರುತ್ತದೆ.

ಮಾಡದ ಬಾಯಿಗೆ ನಾಲ್ಕು ಬದಿಯ ಒಂದು ಚೌಕ ಮಾಡಿ ಕೂರಿಸುವುದೇ ದಾರಿ. ಕಡಪಾ ಹಲಗೆಗಳು ಗೋಡೆಯೊಳಗೆ ಹುಗಿದಿದ್ದರೆ ಹಿಂಬದಿಯವರೆಗೆ ಇಡೀ ಪೆಟ್ಟಿಗೆ ಇಳಿಸಲು ಆಗುವುದಿಲ್ಲ. ನಮ್ಮಲ್ಲಿ ಗೌಂಡಿ ಕಟರ್ ಮಶೀನಿನಿಂದ ಎರಡೂ ಹಲಗೆಗಳ ಮುಂಭಾಗವನ್ನು ನಾಲ್ಕು ಇಂಚು ಕತ್ತರಿಸಿ ಹಿಂದೆ ಸರಿಸಿದರು. ಉಳಿದ ಹತ್ತು ಇಂಚು ಪುಸ್ತಕಕ್ಕೆ ಸಾಕು. ಮುಂದಿನ ಆ ನಾಲ್ಕು ಇಂಚಿನಲ್ಲಿ 18 ಮಿ.ಮೀ. ಪ್ಲೈನ ಚೌಕ ಕುಳಿತಿತು. ಸಾಗವಾನಿಯ ಹಲಗೆ ಸಿಕ್ಕರೆ ಇನ್ನೂ ಒಳ್ಳೆಯದು. ಹಳೆಯ ಮನೆ ಕೆಡವಿದಾಗ ಸಿಗುವ, ಚೆನ್ನಾಗಿ ಒಣಗಿದ ದಾಂಡೇಲಿ ಕಡೆಯ ಸಾಗವಾನಿ ಹೊಸ ಕಟ್ಟಿಗೆಗಿಂತ ಕಡಿಮೆ ಆಡುತ್ತದೆ. ಪ್ಲೈ ಆದರೆ ಐಎಸ್ 710 ಗುರುತಿನದನ್ನೇ ಕೇಳಿ, ಅದು ನೀರು ತಡೆಯುವ ಬಗೆ. ಐಎಸ್ 303ರ ಸಾದಾ ಪ್ಲೈ ಒಣ ಗೋಡೆಗೆ ಆದೀತು, ಥಂಡಿ ಹಿಡಿಯುವ ಮಣ್ಣಿನ ಗೋಡೆಗೆ ಬೇಡ. ಗೋಡೆಗೆ ತಾಗುವ ಮೈಗೆ ಒರಲೆ ಹತ್ತದ ಔಷಧಿ ಬಳಿದು, ಅದು ಒಣಗಿದ ಮೇಲಷ್ಟೇ ಒಳಗೆ ಇಳಿಸಿ.

ಚೌಕದ ಅಳತೆ ಹಿಡಿಯುವುದು ಹೀಗೆ. ಮಾಡದ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಿರಿ. ಎತ್ತರವನ್ನು ಎಡಕ್ಕೆ, ನಡುವೆ, ಬಲಕ್ಕೆ. ನಮ್ಮ ಮಾಡದ ಅಗಲ ಮೇಲೆ 982, ನಡುವೆ 974, ಕೆಳಗೆ 990 ಮಿ.ಮೀ. ಇತ್ತು. ಹದಿನಾರು ಮಿಲಿಮೀಟರ್ ಅಂತರ ಬರಿಗಣ್ಣಿಗೆ ಕಂಡೇ ಇರಲಿಲ್ಲ. ಎತ್ತರ 1246, 1241, 1238. ಯಾವಾಗಲೂ ಅತಿ ಕಡಿಮೆಯ ಅಳತೆಯೇ ಲೆಕ್ಕಕ್ಕೆ: 974 ಮತ್ತು 1238. ಅಗಲದಲ್ಲಿ ಎರಡೂ ಬದಿ ಏಳೇಳು ಮಿ.ಮೀ. ಬಿಟ್ಟು ಚೌಕದ ಹೊರ ಅಗಲ 960, ಎತ್ತರದಲ್ಲಿ ಮೇಲೆ ಕೆಳಗೆ ಸೇರಿ 14 ಬಿಟ್ಟು 1224. ಪ್ಲೈನ ದಪ್ಪ ಎರಡೂ ಕಡೆ ಕಳೆದರೆ ಒಳ ಅಗಲ 924, ಒಳ ಎತ್ತರ 1188. ಗಾಜಿಗೆ ಸಂಬಂಧಪಟ್ಟಿದ್ದು ಈ ಕೊನೆಯ ಎರಡು ಅಂಕಿಗಳು ಮಾತ್ರ. ಗೋಡೆಯ ಅಳತೆಯನ್ನು ಇಲ್ಲಿಗೆ ಮರೆತುಬಿಡಿ.

ಚೌಕದ ಕೆಳಪಟ್ಟಿಯ ಭಾರವೆಲ್ಲ ತಳದ ಕಲ್ಲಿನ ಮೇಲೆ ಕೂರಬೇಕು, ಸಣ್ಣ ಚಕ್ಕೆ ಕೊಟ್ಟು ರಸಮಟ್ಟ ಇಟ್ಟು ನೋಡಬೇಕು. ಚೌಕವನ್ನು ಗೋಡೆಗೆ ಹಿಡಿಸುವ ಕಬ್ಬಿಣದ ಪಟ್ಟಿ, ಅಂದರೆ ಹೋಲ್ಡ್‌ಫಾಸ್ಟ್, ಒಂದೊಂದು ಬದಿಗೆ ಎರಡು ಸಾಕು. ಅವುಗಳಿಗೆ ಗೋಡೆಯಲ್ಲಿ ಗುಳಿ ಮಾಡಿ ಸಿಮೆಂಟು ತುಂಬಿ. ಚೌಕ ಮತ್ತು ಗೋಡೆಯ ನಡುವಿನ ಉಳಿದ ಸಂದಿಗೆ ಸಿಮೆಂಟು ಹಾಕಬೇಡಿ. ಗೌಂಡಿಯ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ, ತಡೆಯಿರಿ. ಮೆತ್ತನೆಯ ಫೋಮ್ ತುರುಕಿ ಮೇಲೊಂದು ತೆಳು ಪಟ್ಟಿ ಹೊಡೆದರೆ ಗೋಡೆ ಆಡಿದರೂ ಚೌಕವನ್ನು ಹಿಂಡುವುದಿಲ್ಲ.

ಇನ್ನು ಮೂಲೆ. ಮೂಲೆಮಟ್ಟವನ್ನು ಒಂದೇ ಮೂಲೆಗಿಟ್ಟು ನೋಡಿ ಸಮಾಧಾನ ಪಡಬೇಡಿ, ಕರ್ಣ ಅಳೆಯಿರಿ. 924 ಕ್ಕೆ 1188 ರ ಚೌಕದ ಎರಡೂ ಕರ್ಣಗಳು 1505 ಮಿ.ಮೀ. ಬರಬೇಕು. ಎರಡರ ನಡುವೆ 6 ಮಿ.ಮೀ. ಅಂತರ ಬಂದರೆ ಚೌಕ ಒಂದು ಪಕ್ಕಕ್ಕೆ ಸುಮಾರು 5 ಮಿ.ಮೀ. ವಾಲಿದೆ ಎಂದರ್ಥ. ಗಾಜಿನ ಬದಿಗೆ ನಾವು ಬಿಡುವ ಸಂದಿ ಬರೀ 3 ಮಿ.ಮೀ.; ಆ ವಾಲು ಸಂದಿಯನ್ನು ಪೂರ್ತಿ ನುಂಗುತ್ತದೆ. ಕರ್ಣಗಳ ಅಂತರ 2 ಮಿ.ಮೀ. ಒಳಗೆ ಬರುವವರೆಗೆ ಚೌಕವನ್ನು ಬಿಗಿಯಬೇಡಿ. ಸರಿಬಂದ ಕೂಡಲೇ ಮೂಲೆಯಿಂದ ಮೂಲೆಗೆ ಒಂದು ಪಟ್ಟಿ ಅಡ್ಡ ಹೊಡೆದು, ಸಿಮೆಂಟು ಗಟ್ಟಿಯಾಗುವ ತನಕ ಬಿಡಿ.

ಹಿಂದು ಮುಂದಿನ ವಾಲನ್ನೂ ಮರೆಯಬಾರದು. ಮೇಲಿನಿಂದ ತೂಕದ ಗುಂಡು ಇಳಿಬಿಟ್ಟು ನೋಡಿ. ಚೌಕ ಮುಂದಕ್ಕೆ ವಾಲಿದ್ದರೆ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ; ಆಗ ಎಂಥ ಮ್ಯಾಗ್ನೆಟ್ ಹಾಕಿದರೂ ಅದು ದಿನವಿಡೀ ಗಾಜಿನ ಭಾರದೊಂದಿಗೆ ಜಗ್ಗಾಡುತ್ತಿರುತ್ತದೆ.

ದಪ್ಪ ಗೋಡೆಯ ಮನೆಯವರು ಚೌಕವನ್ನು ಎಷ್ಟು ಒಳಗೆ ಕೂರಿಸಬೇಕೆಂದು ಮೊದಲೇ ತೀರ್ಮಾನಿಸಬೇಕು. ಗೋಡೆಯ ಮೈಗಿಂತ ನಾಲ್ಕು ಇಂಚು ಒಳಗೆ ಕೂರಿಸಿದರೆ ನೋಡಲು ಚೆಂದ, ಆದರೆ ಬಾಗಿಲು ತೊಂಬತ್ತು ಡಿಗ್ರಿ ತಿರುಗುವಷ್ಟರಲ್ಲಿ ಗೋಡೆಯ ಬದಿಗೆ ಬಡಿಯುತ್ತದೆ, ಹಿಡಿಕೆ ಇದ್ದರೆ ಅದಕ್ಕಿಂತ ಮೊದಲೇ. ತೆರೆದ ಗಾಜಿನ ಅಂಚು ಕಲ್ಲಿಗೋ ಗಿಲಾಯಿಗೋ ತಾಗುವುದು ಟಫನ್ ಗಾಜಿಗೆ ಅತಿ ಕೆಟ್ಟ ಪೆಟ್ಟು. ಚೌಕದ ಮುಖ ಗೋಡೆಯ ಮೈಗೆ ಸಮನಾಗಿ, ಇಲ್ಲವೇ ಒಂದೆರಡು ಮಿ.ಮೀ. ಹೊರಗೇ ಇರಲಿ.

ಯಾವ ಬಿಜಾಗ್ರಿ?

ಗಾಜಿನ ಬಿಜಾಗ್ರಿಗೆ ಅಂಗಡಿಯಲ್ಲಿ ‘ಗ್ಲಾಸ್ ಹಿಂಜ್’ ಎಂದು ಕೇಳಿದರೆ ಮುಖ್ಯವಾಗಿ ಎರಡು ಬಗೆಯವನ್ನು ಮುಂದಿಡುತ್ತಾರೆ. ಒಂದು ಪಿವೋಟ್. ಗಾಜಿನ ಮೇಲಿನ ಮತ್ತು ಕೆಳಗಿನ ಮೂಲೆಯನ್ನು ಚಿಮಟದಂತೆ ಕಚ್ಚಿ ಹಿಡಿಯುವ ಎರಡು ಸಣ್ಣ ತುಂಡುಗಳು, ಅವುಗಳ ಮೊಳೆ ಚೌಕದ ಮೇಲ್ಪಟ್ಟಿ ಕೆಳಪಟ್ಟಿಗಳ ತೂತಿನಲ್ಲಿ ತಿರುಗುತ್ತದೆ. ಗಾಜಿಗೆ ತೂತು ಬೇಡ. ಇನ್ನೊಂದು, ಅಡುಗೆಮನೆಯ ಕಪಾಟುಗಳಿಗೆ ಬಡಗಿಗಳು ಹಾಕುವ ಆಟೋ ಹಿಂಜಿನ ಗಾಜಿನ ರೂಪ. ಇದಕ್ಕೆ ಗಾಜಿನಲ್ಲಿ ಸಾಮಾನ್ಯವಾಗಿ 26 ಮಿ.ಮೀ.ನ ತೂತು ಬೇಕು, ಆ ತೂತು ಟಫನ್ ಮಾಡುವ ಮೊದಲೇ ಆಗಿರಬೇಕು.

ಎರಡನೆಯ ಬಗೆಯಲ್ಲಿ ಒಂದು ದೊಡ್ಡ ಅನುಕೂಲವಿದೆ: ಕೂರಿಸಿದ ಮೇಲೂ ಸ್ಕ್ರೂ ತಿರುಗಿಸಿ ಬಾಗಿಲನ್ನು ಒಂದೆರಡು ಮಿ.ಮೀ. ಎಡಬಲ, ಮೇಲೆ ಕೆಳಗೆ ಸರಿಸಬಹುದು. ಬಾಗಿಲು ಚೌಕದ ಮೇಲೆ ಹಾಸಿದಂತೆ ಕೂರುವುದಾದರೆ ಚೌಕದ ಸಣ್ಣ ಓರೆ ಅದರ ಹಿಂದೆ ಅಡಗಿಯೂ ಹೋಗುತ್ತದೆ. ಹಾಗೆ ಪೂರ್ತಿ ಹಾಸಿ ಕೂರುವ ಬಾಗಿಲಿಗೆ ‘ಜೀರೋ’, ನಡುವಿನ ಒಂದೇ ಹಲಗೆಯನ್ನು ಎರಡು ಬಾಗಿಲು ಹಂಚಿಕೊಳ್ಳುವಲ್ಲಿ ‘ಎಂಟು’, ಚೌಕದೊಳಗೆ ಕೂರುವ ಬಾಗಿಲಿಗೆ ‘ಹದಿನಾರು’ ಎಂದು ಬಡಗಿಗಳು ಹಿಂಜ್ ಕೇಳಿ ತರುತ್ತಾರೆ. ಕಂಪನಿಗೆ ತಕ್ಕಂತೆ ಹದಿನೈದು ಎಂದೂ ಇರುತ್ತದೆ. ಈ ಅಂಕಿ ತಪ್ಪಿದರೆ ಬಾಗಿಲಿನ ಅಳತೆಯೇ ತಪ್ಪುತ್ತದೆ. ಆದ್ದರಿಂದ ಹಿಂಜ್ ಕೈಗೆ ಬಂದ ಮೇಲೆಯೇ ಗಾಜಿಗೆ ಅಳತೆ ಕೊಡಿ.

ತೂತಿನ ಜಾಗಕ್ಕೂ ಕಟ್ಟುಪಾಡಿದೆ. ಟಫನ್ ಮಾಡುವ ಗಾಜಿನಲ್ಲಿ ತೂತಿನ ಅಂಚಿನಿಂದ ಗಾಜಿನ ಅಂಚಿಗೆ ಗಾಜಿನ ದಪ್ಪದ ಎರಡು ಪಟ್ಟು ಜಾಗವಾದರೂ ಇರಬೇಕು, ಮೂಲೆಯಿಂದ ಆರು ಪಟ್ಟು. 5 ಮಿ.ಮೀ. ಗಾಜಿಗೆ 10 ಮತ್ತು 30 ಮಿ.ಮೀ. ಇದಕ್ಕಿಂತ ಒತ್ತಿ ತೂತು ಹಾಕಿದರೆ ಭಟ್ಟಿಯಲ್ಲೇ ಒಡೆಯಬಹುದು, ಒಡೆಯದಿದ್ದರೂ ಮುಂದೆ ಅಲ್ಲಿಂದಲೇ ಸೀಳು ಹುಟ್ಟುತ್ತದೆ. ಹಿಂಜಿನ ಡಬ್ಬಿಯ ಮೇಲಿನ ಚಿತ್ರವನ್ನಷ್ಟೇ ನಂಬದೆ ಒಂದು ಹಿಂಜನ್ನೇ ಗಾಜಿನ ಅಂಗಡಿಗೆ ಒಯ್ದು ಕೊಡಿ.

ಚೌಕ ಸರಿಯಾಗಿದ್ದರೆ ಹಳೆಯ ಮಾಡಕ್ಕೆ ನನ್ನ ಒಲವು ಪಿವೋಟ್ ಕಡೆಗೇ. ಕಣ್ಣಿಗೆ ಲೋಹ ಕಡಿಮೆ ಕಾಣುತ್ತದೆ, ಗಾಜಿನಲ್ಲಿ ತೂತಿಲ್ಲ, ಕೆಟ್ಟರೆ ಬದಲಿಸುವುದು ಸುಲಭ. ಆದರೆ ಭಾರವೆಲ್ಲ ಕೆಳಗಿನ ಒಂದೇ ಮೊಳೆಯ ಮೇಲೆ ನಿಲ್ಲುವುದರಿಂದ ಬಾಗಿಲು ಒಂದೂವರೆ ಅಡಿಗಿಂತ ಅಗಲ, ನಾಲ್ಕು ಅಡಿಗಿಂತ ಎತ್ತರ ಆಗದಂತೆ ನೋಡಿಕೊಳ್ಳುತ್ತೇನೆ. ಅದಕ್ಕಿಂತ ದೊಡ್ಡ ಕಪಾಟಾದರೆ ನಡುವೆ ಅಡ್ಡಪಟ್ಟಿ ಕೊಟ್ಟು ಮೇಲೊಂದು ಕೆಳಗೊಂದು ಜೋಡಿ ಮಾಡುವುದು ಮೇಲು.

ಗಾಜಿನ ಲೆಕ್ಕ

ನಮ್ಮ ಮಾಡಕ್ಕೆ ಎರಡು ಬಾಗಿಲು, ಒಳ ಅಗಲ 924. ಎರಡು ಬದಿಗೆ ಮೂರು ಮೂರು, ನಡುವೆ ಮೂರು, ಒಟ್ಟು 9 ಕಳೆದರೆ 915. ಅರ್ಧ ಮಾಡಿದರೆ 457.5. ಅರ್ಧವನ್ನು ಕೈಬಿಟ್ಟು 457 ಎಂದು ಹಿಡಿಯಿರಿ, ಮೇಲಕ್ಕೆ ಏರಿಸಬೇಡಿ. ಉಳಿದ ಒಂದು ಮಿ.ಮೀ. ನಡುವಿನ ಸಂದಿಗೆ ಸೇರಿ ಅದು 4 ಆಗುತ್ತದೆ. ಎತ್ತರಕ್ಕೆ ಪಿವೋಟಿನ ತುಂಡು ಎಷ್ಟು ಜಾಗ ತಿನ್ನುತ್ತದೆಂದು ಅಳೆಯಬೇಕು. ನಮ್ಮದಕ್ಕೆ ಮೇಲೆ 4, ಕೆಳಗೆ 4. 1188 ರಲ್ಲಿ 8 ಕಳೆದು 1180. ಅಂದರೆ 457 ಕ್ಕೆ 1180 ರ ಎರಡು ಗಾಜು.

ಸಂದಿ ಇಷ್ಟೇಕೆ, ಒಂದೂವರೆ ಮಿ.ಮೀ. ಬಿಟ್ಟರೆ ಇನ್ನೂ ಅಚ್ಚುಕಟ್ಟಲ್ಲವೇ ಎಂದು ಕೇಳುವವರಿದ್ದಾರೆ. ಗಾಜು ಕತ್ತರಿಸಿ ಅಂಚು ಉಜ್ಜುವಾಗ ಒಂದೆರಡು ಮಿ.ಮೀ. ಹೆಚ್ಚುಕಡಿಮೆ ಆಗುವುದುಂಟು. ಅದರ ಮೇಲೆ ಮಳೆಗಾಲದ ಕಟ್ಟಿಗೆ, ನಮ್ಮ ಎರೆಮಣ್ಣಿನ ಗೋಡೆ. ಗಾಜಿಗೆ ಗಾಜು ತಾಗುವುದಕ್ಕಿಂತ ಸಂದಿ ಕಾಣುವುದೇ ಲೇಸು. ಮೇಲಾಗಿ ಆ ಸಂದಿಯಲ್ಲಿ ಕಪಾಟು ಉಸಿರಾಡುತ್ತದೆ. ಧಾರವಾಡದ ಜಿಟಿಜಿಟಿ ಮಳೆಗೆ ಪೂರ್ತಿ ಬಿಗಿದ ಗಾಜಿನ ಕಪಾಟಿನಲ್ಲಿ ಪುಸ್ತಕಕ್ಕೆ ಬೂಸು ಬರುತ್ತದೆ. ಭಾಂಡೆ, ಗೊಂಬೆ ಇಡುವವರು ಬೇಕಾದರೆ ನಡುವಿನ ಸಂದಿಗೆ ಪಾರದರ್ಶಕ ಪಿವಿಸಿ ಪಟ್ಟಿ ಅಂಟಿಸಲಿ. ಪುಸ್ತಕ ಇಡುವವರು ಅಂಟಿಸದಿರುವುದೇ ಒಳ್ಳೆಯದು. ಒಳಗೆ ಸೇರುವ ಸ್ವಲ್ಪ ಧೂಳನ್ನು ತಿಂಗಳಿಗೊಮ್ಮೆ ಒರೆಸಬಹುದು.

ಅಳತೆಯನ್ನು ಮಿಲಿಮೀಟರಿನಲ್ಲೇ ಬರೆಯಿರಿ. ನಮ್ಮ ಕಡೆ ಬಡಗಿಗಳ ಲೆಕ್ಕ ಇಂಚು, ಸೂತದಲ್ಲಿ ನಡೆಯುತ್ತದೆ. ಇಂಚಿನ ಎಂಟನೇ ಒಂದು ಭಾಗ ಒಂದು ಸೂತ, ಅಂದರೆ 3 ಮಿ.ಮೀ.ಗಿಂತ ತುಸು ಹೆಚ್ಚು. ಬೆಂಗಳೂರು ಮೈಸೂರಿನ ಕಡೆ ಇದನ್ನೇ ನೂಲು ಎನ್ನುತ್ತಾರೆ. ಕಟ್ಟಿಗೆಗೆ ಅದು ಸಾಕಾದ ಅಳತೆ. ಆದರೆ ಗಾಜಿನ ಇಡೀ ಸಂದಿಯೇ ಒಂದು ಸೂತ. ಅರ್ಧ ಸೂತ ಬಾಯಿಮಾತಿನಲ್ಲಿ ತಪ್ಪಿದರೂ ಬಾಗಿಲು ಕಚ್ಚಬಹುದು. ಚೀಟಿಯಲ್ಲಿ ಚಿತ್ರ ಬರೆದು, ಅಗಲ ಯಾವುದು ಎತ್ತರ ಯಾವುದು, ಹಿಂಜ್ ಯಾವ ಬದಿಗೆ, ಹೊರಗಿನಿಂದ ನೋಡಿದಂತೆ ಬರೆದಿದ್ದೋ ಒಳಗಿನಿಂದಲೋ, ಎಲ್ಲವನ್ನೂ ಗುರುತಿಸಿ. ಆ ಚೀಟಿಯ ಫೋಟೋ ನಿಮ್ಮ ಫೋನಿನಲ್ಲೂ ಇರಲಿ.

ಒಂದು ಮಿಲಿಮೀಟರ್ ಎಷ್ಟು ಬೆಲೆ ಬಾಳುತ್ತದೆಂದು ಬಿಲ್ಲಿನಲ್ಲೂ ಕಾಣಬಹುದು. ಬಹಳಷ್ಟು ಅಂಗಡಿಗಳಲ್ಲಿ ಗಾಜಿನ ಅಳತೆಯನ್ನು ಮೂರು ಇಂಚಿನ ಮೆಟ್ಟಿಲಿಗೆ ಏರಿಸಿ ಚದರಡಿ ಲೆಕ್ಕ ಹಾಕುತ್ತಾರೆ. 457 ಮಿ.ಮೀ. ಎಂದರೆ 18 ಇಂಚಿನೊಳಗೆ ಬರುತ್ತದೆ. 1180 ಕ್ಕೆ 48 ಇಂಚು. ಒಂದು ಬಾಗಿಲಿಗೆ 6 ಚದರಡಿ. ಅದೇ 458 ಬರೆದರೆ 18 ಇಂಚು ದಾಟಿತು, ಲೆಕ್ಕ 21 ಇಂಚಿಗೆ ಜಿಗಿದು 7 ಚದರಡಿ ಆಗುತ್ತದೆ. ಚೌಕದ ಅಳತೆ ಇನ್ನೂ ನಿಮ್ಮ ಕೈಯಲ್ಲಿದೆ ಎನ್ನುವಾಗಲೇ ಇದನ್ನು ಯೋಚಿಸಿದರೆ ಹಣ ಉಳಿಯುತ್ತದೆ.

ಭಾರದ ಲೆಕ್ಕ ಸುಲಭ. ಒಂದು ಚದರ ಮೀಟರ್ ಗಾಜು, ಒಂದು ಮಿ.ಮೀ. ದಪ್ಪಕ್ಕೆ ಎರಡೂವರೆ ಕೆ.ಜಿ. ತೂಗುತ್ತದೆ. 5 ಮಿ.ಮೀ. ಗಾಜು ಚದರ ಮೀಟರಿಗೆ 12.5 ಕೆ.ಜಿ. ನಮ್ಮ ಬಾಗಿಲು 0.54 ಚದರ ಮೀಟರ್, ಸುಮಾರು 6.7 ಕೆ.ಜಿ. 6 ಮಿ.ಮೀ. ಗಾಜಾದರೆ 8.1 ಕೆ.ಜಿ. ಹಿಂಜಿನ ಡಬ್ಬಿಯ ಮೇಲೆ ಎಷ್ಟು ಕೆ.ಜಿ. ತಡೆಯುತ್ತದೆ, ಎಷ್ಟು ದಪ್ಪದ ಗಾಜನ್ನು ಹಿಡಿಯುತ್ತದೆ ಎಂದು ಬರೆದಿರುತ್ತದೆ, ಎರಡನ್ನೂ ಓದಿ. ಈ ಅಳತೆಯ ಬಾಗಿಲಿಗೆ 5 ಸಾಕು. 4 ಮಿ.ಮೀ. ಗಾಜು ಹಿಡಿದಾಗ ಬಳಕುತ್ತದೆ, 8 ಕ್ಕೆ ಹೋದರೆ ಕಪಾಟಿನ ಹಿಂಜುಗಳಿಗೆ ಭಾರ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಗಾಜಿಗೆ ಆರ್ಡರ್ ಕೊಡುವ ಮೊದಲು ಮಾಡಬೇಕಾದ ಒಂದು ಕೆಲಸವಿದೆ, ಮೊದಲ ಸಲ ನಾನು ಮಾಡದೆ ಬಿಟ್ಟದ್ದು. ಗಾಜಿನಷ್ಟೇ ದಪ್ಪದ ಪ್ಲೈ ಅಥವಾ ಎಮ್‌ಡಿಎಫ್ ತುಂಡನ್ನು ಗಾಜಿನ ಅಳತೆಗೇ ಕತ್ತರಿಸಿ, ಅದಕ್ಕೇ ಹಿಂಜ್ ಕಚ್ಚಿಸಿ, ಚೌಕದಲ್ಲಿ ಕೂರಿಸಿ ತೆರೆದು ಮುಚ್ಚಿ ನೋಡಿ. ಕಚ್ಚಿದರೆ ಒಂದೆಳೆ ಉಜ್ಜಿ, ಮತ್ತೆ ನೋಡಿ. ಒಳಗಿನ ಕಡಪಾ ಹಲಗೆಗೆ ಬಾಗಿಲಿನ ಬೆನ್ನು ಅಥವಾ ಪಿವೋಟಿನ ಸ್ಕ್ರೂ ತಾಗುತ್ತದೆಯೇ, ಹಿಂಜಿನ ಬದಿಯ ಅಂಚು ತಿರುಗುವಾಗ ಚೌಕಕ್ಕೆ ಒರೆಯುತ್ತದೆಯೇ ಎಂಬುದೆಲ್ಲ ಆಗಲೇ ತಿಳಿಯುತ್ತದೆ. ಒಂದು ದಿನ ಆ ತುಂಡು ಅಲ್ಲೇ ಇರಲಿ, ಮನೆಯವರೆಲ್ಲ ತೆರೆದು ಮುಚ್ಚಲಿ. ಅದು ಸರಿ ಎನಿಸಿದ ಮೇಲೆ ಆ ತುಂಡಿನ ಅಳತೆಯೇ ಗಾಜಿನ ಅಳತೆ. ಗಿಲಾಯಿ, ಬಣ್ಣ, ಮೈಕಾ, ಪಾಲಿಶ್ ಯಾವುದೂ ಬಾಕಿ ಇರಬಾರದು. ಗಾಜಿನದು ಕೊನೆಯ ಪಾಳಿ.

ಸಾದಾ ಗಾಜೇ ಸಾಕಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಅದನ್ನು ಬೇಕಾದಾಗ ಕತ್ತರಿಸಬಹುದಲ್ಲ ಎಂಬ ಆಸೆಯೂ. ಸುತ್ತ ಚೌಕಟ್ಟಿಲ್ಲದ, ಅಂಚು ಬಿಚ್ಚಿಕೊಂಡಿರುವ ಬಾಗಿಲಿಗೆ ಸಾದಾ ಗಾಜು ಹಾಕಿಸಲೇಬೇಡಿ. ಒಡೆದರೆ ಕತ್ತಿಯಂಥ ಚೂರುಗಳಾಗುತ್ತವೆ. ಮನೆಯಲ್ಲಿ ತೆವಳುವ ಕೂಸಿರಲಿ, ಕೈ ನಡುಗುವ ಅಜ್ಜಿ ಇರಲಿ, ಇದರಲ್ಲಿ ರಾಜಿ ಬೇಡ. ಟಫನ್ ಗಾಜನ್ನು 600 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯಿಸಿ, ಎರಡೂ ಮೈಗೆ ಒಮ್ಮೆಲೇ ತಣ್ಣನೆಯ ಗಾಳಿ ಊದುತ್ತಾರೆ. ಹೊರಮೈ ಮೊದಲು ಗಟ್ಟಿಯಾಗಿ, ಒಳಗು ಆಮೇಲೆ ಕುಗ್ಗುತ್ತ ಅದನ್ನು ಒಳಕ್ಕೆ ಜಗ್ಗಿ ಹಿಡಿಯುತ್ತದೆ. ಈ ಬಿಗಿತದಿಂದಲೇ ಸಾದಾ ಗಾಜಿನ ನಾಲ್ಕೈದು ಪಟ್ಟು ಬಲ. ಈ ಬಿಗಿತದಿಂದಲೇ ಅಂಚಿಗೆ ಪೆಟ್ಟು ಬಿದ್ದು ಒಂದು ಕಡೆ ಸಡಿಲಾದರೆ ಇಡೀ ಗಾಜು ಸಣ್ಣ ಕಾಳುಗಳಾಗಿ ಉದುರುವುದು. ಭಾರತೀಯ ಮಾನಕ ಬ್ಯೂರೋದ ಐಎಸ್ 2553 ಭಾಗ 1 ಕಟ್ಟಡದ ಸುರಕ್ಷಾ ಗಾಜಿಗೆ ಸಂಬಂಧಿಸಿದ್ದು. ಗಾಜಿನ ಮೂಲೆಯಲ್ಲಿ ಅಳಿಸದಂತೆ ಕೊರೆದ ಗುರುತು ಇದೆಯೇ ನೋಡಿ, ಬಿಲ್ಲಿನಲ್ಲಿ ‘ಟಫನ್’ ಎಂದು ಬರೆಸಿ. ನಾಲ್ಕೂ ಅಂಚು ಪಾಲಿಶ್ ಆಗಿರಬೇಕು, ನಾಲ್ಕು ಮೂಲೆಗಳ ಚೂಪು ತುಸು ಮುರಿದಿರಬೇಕು. ಇದನ್ನೂ ಟಫನ್‌ಗೆ ಮೊದಲೇ ಹೇಳಬೇಕು.

ಸರಿಯುವ ಗಾಜು

ಮಾಡದ ಎದುರಿಗೆ ಮಂಚವೋ ಓಡಾಡುವ ಇಕ್ಕಟ್ಟಿನ ದಾರಿಯೋ ಇದ್ದರೆ ತೆರೆಯುವ ಬಾಗಿಲಿಗಿಂತ ಸರಿಯುವ ಗಾಜೇ ಸರಿ. ಹಳೆಯ ಶೋಕೇಸುಗಳಲ್ಲಿ ಕಟ್ಟಿಗೆಗೇ ಗಾಡಿ, ಅಂದರೆ ಗಾಜು ಓಡುವ ಕಾಲುವೆ, ಕೊರೆದು ಎರಡು ಗಾಜು ಇಳಿಸಿರುತ್ತಿದ್ದರು. ಈಗ ಅಲ್ಯುಮಿನಿಯಂ ಇಲ್ಲವೇ ಪ್ಲಾಸ್ಟಿಕ್ಕಿನ ಎರಡು ಗಾಡಿಯ ಚಾನೆಲ್ ಸಿಗುತ್ತದೆ. ಮೇಲಿನದರ ಗಾಡಿ ಕೆಳಗಿನದಕ್ಕಿಂತ ಎರಡು ಪಟ್ಟು ಆಳ. ಗಾಜನ್ನು ಮೊದಲು ಮೇಲಕ್ಕೆ ತೂರಿ, ಆಮೇಲೆ ಕೆಳಕ್ಕೆ ಇಳಿಸುವುದು. ಅಗಲಕ್ಕೆ, ಒಂದರ ಮೇಲೊಂದು ಬರುವ ಭಾಗ 25 ಮಿ.ಮೀ. ಎಂದಿಟ್ಟುಕೊಂಡು ಅದನ್ನು ಒಳ ಅಗಲಕ್ಕೆ ಕೂಡಿಸಿ ಅರ್ಧ ಮಾಡಿ: 924 ಕ್ಕೆ 25 ಸೇರಿ 949, ಅರ್ಧ 474. ಎತ್ತರಕ್ಕೆ, ಕೆಳಗಿನ ಗಾಡಿಯ ತಳದಿಂದ ಮೇಲಿನ ಚಾನೆಲ್ಲಿನ ಬಾಯಿವರೆಗೆ ಅಳೆದು, ಮೇಲಿನ ಗಾಡಿಯ ಆಳದ ಅರ್ಧಕ್ಕಿಂತ ತುಸು ಕಡಿಮೆ ಸೇರಿಸಿ. ಅರ್ಧ ಮೀರಿದರೆ ಗಾಜು ಎಷ್ಟು ಎತ್ತಿದರೂ ಕೆಳಗಿನ ಗಾಡಿಯ ತುಟಿ ದಾಟುವುದಿಲ್ಲ. ಬೆರಳು ಹಿಡಿಯುವ ಕುಳಿಯನ್ನು ಟಫನ್‌ಗೆ ಮೊದಲೇ ಕೊರೆಸಬೇಕು. ಸರಿಯುವ ಗಾಜು ಗೋಡೆಯ ಓರೆಯನ್ನು ಬಹಳಷ್ಟು ಸಹಿಸುತ್ತದೆ. ಆದರೆ ಕೆಳಗಿನ ಗಾಡಿಯಲ್ಲಿ ಎರೆಧೂಳು ತುಂಬಿದರೆ ಕರಕರ ಎನ್ನುತ್ತದೆ, ಹಳೆಯ ಹಲ್ಲುಜ್ಜುವ ಬ್ರಶ್ಶು ಅದಕ್ಕೆ ಮದ್ದು.

ಕೂರಿಸುವ ದಿನ

ಗಾಜನ್ನು ಟೆಂಪೋದಲ್ಲಿ ಮಲಗಿಸಿ ತರಬೇಡಿ. ಗೋಣಿಚೀಲದ ಮೇಲೆ ನಿಲ್ಲಿಸಿ, ಎರಡರ ನಡುವೆ ರಟ್ಟು ಕೊಟ್ಟು, ವಾಲದಂತೆ ಕಟ್ಟಬೇಕು. ಎರಡನೆಯ ಸಲದ ಗಾಜು ಹೀಗೆ ನಿಂತುಕೊಂಡೇ ಧಾರವಾಡದ ಹೆಬ್ಬಳ್ಳಿ ಅಗಸಿ ದಾಟಿ ನಮ್ಮೂರ ದಾರಿ ಹಿಡಿಯಿತು. ತಗ್ಗು ಬಂದಲ್ಲೆಲ್ಲ ನಾನು ಹಿಂದೆ ಕುಳಿತು ಕೈ ಕೊಟ್ಟಿದ್ದೆ. ಮನೆಯಲ್ಲಿ ಇಳಿಸುವಾಗ ಫರಸಿ ನೆಲಕ್ಕೆ ಮೂಲೆ ಊರಬಾರದು. ಟಫನ್ ಗಾಜಿನ ಮೈ ಮೇಲೆ ಕೈ ಬಡಿದರೂ ತಡೆಯುತ್ತದೆ, ಮೂಲೆಗೆ ಕಲ್ಲು ತಾಗಿದರೆ ತಡೆಯುವುದಿಲ್ಲ. ನೆಲದ ಮೇಲೆ ಎರಡು ಕಟ್ಟಿಗೆಯ ತುಂಡು ಮೊದಲೇ ಇಟ್ಟಿರಿ.

ಮೇಲಿನ ಪಿವೋಟಿನ ತೂತು ಕೆಳಗಿನ ತೂತಿನ ನೆಟ್ಟ ನೇರಕ್ಕೆ ಬರಬೇಕು. ಟೇಪಿನಿಂದ ಅಳೆದು ಗುರುತು ಹಾಕಿದರೂ, ಮೇಲಿನ ತೂತಿನ ನಡುವಿನಿಂದ ತೂಕದ ಗುಂಡು ಇಳಿಬಿಟ್ಟು ಅದರ ತುದಿ ಎಲ್ಲಿ ನಿಲ್ಲುತ್ತದೋ ಅಲ್ಲೇ ಕೆಳಗಿನ ತೂತು ಹೊಡೆಯಿರಿ. ಬಡಿಗೇರ ಕಾಕಾ ಇದಕ್ಕೆ ಫ್ಯಾನು ಬಂದ್ ಮಾಡಿಸಿ, ಗುಂಡು ಅಲುಗಾಡುವುದು ನಿಲ್ಲುವವರೆಗೆ ಕುಕ್ಕರಗಾಲಲ್ಲಿ ಕುಳಿತು ಕಾದರು. ಆ ಎರಡು ನಿಮಿಷದ ಕಾಯುವಿಕೆಗೆ ನಾನು ಇವತ್ತಿಗೂ ಋಣಿ. ನಮ್ಮ ಬಾಗಿಲು ಯಾವ ಕೋನದಲ್ಲಿ ಬಿಟ್ಟರೆ ಆ ಕೋನದಲ್ಲೇ ನಿಲ್ಲುತ್ತದೆ.

ಪಿವೋಟಿನ ಚಿಮಟದೊಳಗೆ ರಬ್ಬರೋ ನೈಲಾನೋ ಪಟ್ಟಿ ಇರುತ್ತದೆ. ಅದು ಕಳೆದುಹೋದರೆ ಹೊಸದು ತನ್ನಿ. ಗಾಜಿಗೆ ಲೋಹ ನೇರವಾಗಿ ಎಲ್ಲೂ ತಾಗಬಾರದು. ಕಚ್ಚಿಸುವ ಜಾಗವನ್ನು ಸ್ಪಿರಿಟ್ಟಿನಿಂದ ಒರೆಸಿ, ಅಂಗಡಿಯ ಎಣ್ಣೆಯ ಪಸೆ ಉಳಿದರೆ ಗಾಜು ಜಾರಿ ಕೆಳಗಿಳಿಯುತ್ತದೆ. ಸ್ಕ್ರೂ ಬಿಗಿಯಲು ಡ್ರಿಲ್ ಮಶೀನು ಬೇಡವೇ ಬೇಡ. ಕೈಯಿಂದ ತಿರುಗಿಸಿ, ಬಿಗಿ ಹತ್ತಿದ ಮೇಲೆ ಕಾಲು ಸುತ್ತು ಮಾತ್ರ. ಒಂದು ಸ್ಕ್ರೂವನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗದೆ ಎರಡನ್ನೂ ಸ್ವಲ್ಪ ಸ್ವಲ್ಪ ಬಿಗಿಯುತ್ತ ಬನ್ನಿ. ಇಬ್ಬರು ಬೇಕೇ ಬೇಕು, ಒಬ್ಬರು ಗಾಜಿನ ಭಾರ ಹೊರಲು, ಒಬ್ಬರು ಸ್ಕ್ರೂ ಹಿಡಿಯಲು. ಕಾಲಿಗೆ ಶೂ ಇರಲಿ, ಕೈಗೆ ಗ್ಲೌಸು ಇರಲಿ, ಮಕ್ಕಳು ಹಿತ್ತಲಲ್ಲಿರಲಿ.

ಹಿಡಿಕೆಗೆ ತೂತು ಬೇಡ. ಅಂಚಿಗೆ ಕಚ್ಚಿಸಿ ಸಣ್ಣ ಸ್ಕ್ರೂನಿಂದ ಬಿಗಿಯುವವು ಸಿಗುತ್ತವೆ. ಮ್ಯಾಗ್ನೆಟ್ ಕ್ಯಾಚನ್ನು ಚೌಕದ ಮೇಲ್ಪಟ್ಟಿಗೆ, ಅದಕ್ಕೆ ಅಂಟುವ ತಗಡಿನ ತುಂಡನ್ನು ಗಾಜಿಗೆ ಕೊಡುತ್ತಾರೆ. ಬಾಗಿಲು ಒಳಕ್ಕೆ ಹೋಗಿ ಕಡಪಾ ಹಲಗೆಗೆ ಬಡಿಯದಂತೆ ಮೇಲೊಂದು ಕೆಳಗೊಂದು ರಬ್ಬರ್ ಗುಬ್ಬಿ ಅಂಟಿಸಿ. ಬೀಗ ಬೇಕಿದ್ದರೆ ಶೋಕೇಸಿನ ಗಾಜಿಗೆ ಕಚ್ಚುವ ಬೀಗಗಳಿವೆ, ನಿಮ್ಮ ಗಾಜಿನ ದಪ್ಪ ಹೇಳಿ ಕೇಳಿ.

ಬಾಗಿಲು ಕೂತ ಸಂಜೆ ನಾಲ್ಕೂ ಸಂದಿಗಳನ್ನು ಅಳೆದು, ಆ ಅಂಕಿಗಳನ್ನು, ತಾರೀಖನ್ನು, ಹಿಂಜಿನ ಕಂಪನಿ ಮತ್ತು ನಂಬರನ್ನು, ಗಾಜಿನ ಅಳತೆಯನ್ನು ಚೌಕದ ಒಳಮೈಗೆ ಪೆನ್ಸಿಲಿನಿಂದ ಬರೆದಿಡಿ. ಮೊದಲ ಮಳೆಗಾಲ ಕಳೆದ ಮೇಲೆ ಒಮ್ಮೆ, ಶಿವರಾತ್ರಿ ಮುಗಿದು ನೆಲ ಬಿರಿಯತೊಡಗಿದಾಗ ಒಮ್ಮೆ ಮತ್ತೆ ಅಳೆಯಿರಿ. ನಮ್ಮಲ್ಲಿ ದಸರೆಯ ಹೊತ್ತಿಗೆ ಎಡಬದಿಯ ಮೇಲಿನ ಸಂದಿ 3 ರಿಂದ 2 ಕ್ಕೆ ಇಳಿದಿತ್ತು. ಕಾಕಾ ಬಂದು, ಪುಸ್ತಕ ಇಳಿಸಿ, ಪಿವೋಟಿನ ಹಿಡಿತ ಸಡಿಲಿಸಿ, ಗಾಜನ್ನು ಒಂದೆಳೆ ಸರಿಸಿ ಬಿಗಿದರು. ಹಳೆಯ ಅಂಕಿಗಳ ಕೆಳಗೆ ಹೊಸ ತಾರೀಖು ಬರೆದರು.